ಈ ಮನೆಯಲ್ಲಿ ಎಷ್ಟು ವೋಟು?

ಕೇಳುಗರಿಗೆ ನಮಸ್ಕಾರ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಜೊತೆಗೆ ನಮ್ಮೂರಿನ ಒಂದು ಮತಗಟ್ಟೆಗೆ ಬಿ.ಎಲ್.ಓ., ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತುವ ಕೆಲಸ.

1985ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮಣ್ಣನಿಗೆ ಹತ್ತೊಂಬತ್ತು. ಗಾರೆ ಕೆಲಸ ಮಾಡಿ ಮನೆ ನಡೆಸುತ್ತಿದ್ದ, ಆದರೆ ವೋಟಿರಲಿಲ್ಲ. ಆಗ 21 ತುಂಬಬೇಕಿತ್ತು. ಆಮೇಲೆ ಸಂವಿಧಾನದ 61ನೇ ತಿದ್ದುಪಡಿ ಬಂತು. 1989ರ ಮಾರ್ಚ್ 28ರಿಂದ 18 ತುಂಬಿದವರಿಗೆಲ್ಲ ಹಕ್ಕು. ಆ ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ಈ ಸಲ ಹತ್ತೊಂಬತ್ತು ನನಗೆ. ನನಗಿಂತ ನಾಲ್ಕು ವರ್ಷ ದೊಡ್ಡ ಅಣ್ಣ, ನಾನು, ಇಬ್ಬರೂ ವಿಧಾನಸಭೆಗೆ ಮೊದಲ ವೋಟು ಹಾಕಿದ್ದು ಒಂದೇ ದಿನ. ಸಂಜೆವರೆಗೂ ಬೆರಳಿನ ಶಾಯಿ ನೋಡಿಕೊಂಡಿದ್ದೆವು.

ವಯಸ್ಸು ಇಳಿದರೂ ಪಟ್ಟಿಗೆ ಹೆಸರು ಬರಬೇಕಲ್ವಾ? ಬಹಳ ಕಾಲ ಜನವರಿ 1ಕ್ಕೆ 18 ತುಂಬಿರಬೇಕು ಅನ್ನೋದೇ ಲೆಕ್ಕ. ಜನವರಿ 2ರಂದು ಹುಟ್ಟಿದವರು ಸುಮ್ನೆ ಒಂದು ವರ್ಷ ಕಾಯಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳೂ ಸೇರಿವೆ. 17 ತುಂಬಿದರೆ ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 6, ಮುಂಚೆಯೇ ಕೊಡಬಹುದು.

ಪ್ರಚಾರಕ್ಕೆ ಬಂದವರು ಬಾಗಿಲಲ್ಲಿ ಮೊದಲು ಕೇಳುವುದೇ, "ಈ ಮನೆಯಲ್ಲಿ ಎಷ್ಟು ವೋಟು?" ನಮ್ಮ ಬೀದಿಯ ಒಂದು ಮನೆಯಲ್ಲಿ ತಾಯಿ "ಮೂರು" ಅಂದರು. ಡಿಗ್ರಿ ಓದುವ ಮಗಳು ಅಲ್ಲೇ ಹೊಸ್ತಿಲ ಹಿಂದೆ ನಿಂತಿದ್ದಳು. ಬಂದವರು ಅವಳ ಮುಖವನ್ನೂ ನೋಡದೆ ಅಪ್ಪನ ಕೈಗೆ ಕರಪತ್ರ ಕೊಟ್ಟು ಹೋದರು. ನನಗೆ ಹೊಟ್ಟೆ ಉರಿಯಿತು. ಯುವಕರ ಮಾತಿಗೆ ಬೆಲೆ ಇಲ್ಲ ಅನ್ನೋದು ಶುರುವಾಗುವುದೇ ಅಲ್ಲಿ.

ಹಾಸ್ಟೆಲಿನಲ್ಲಿರುವ ಮಕ್ಕಳದು ಇನ್ನೊಂದು ಕಥೆ. "ಮಗ ಬೆಂಗಳೂರಲ್ಲಿ ಓದ್ತಾನೆ ಮೇಡಂ, ವೋಟಿಗೆ ಅಂತ ಬರೋಕಾಗಲ್ಲ" ಅನ್ನುತ್ತಾರೆ. ಹಾಸ್ಟೆಲ್ ವಿಳಾಸದಲ್ಲೇ ಸೇರಿಸಬಹುದು ಅಂದರೆ ಆಶ್ಚರ್ಯಪಡುತ್ತಾರೆ. ಊರು ಅಥವಾ ಹಾಸ್ಟೆಲು, ಎಲ್ಲಾದರೂ ಒಂದು ಕಡೆ ಮಾತ್ರ ಹೆಸರಿರಬೇಕು, ಅಷ್ಟೇ.

ಇನ್ನು ಚುನಾವಣೆಗೆ ನಿಲ್ಲಲು ಗ್ರಾಮ ಪಂಚಾಯಿತಿಗೆ 21, ವಿಧಾನಸಭೆಗೆ 25 ಆಗಬೇಕು. ಅಲ್ಲಿಯವರೆಗೆ ಇವರ ಕೈಲಿರುವುದು ವೋಟೊಂದೇ.

ಆ ಹುಡುಗಿಯ ಅರ್ಜಿಯನ್ನು ಅವರ ಮನೆಯ ಜಗಲಿ ಮೇಲೆ ಕೂತು ನಾನೇ ತುಂಬಿಸಿದೆ. ಮುಂದಿನ ಚುನಾವಣೆಗೆ ಪ್ರಚಾರಕ್ಕೆ ಬಂದವರಿಗೆ ತಾಯಿ "ನಾಲ್ಕು" ಅಂದರು. ಮಗಳು ಹೊಸ್ತಿಲು ದಾಟಿ ಬಂದು, "ಬೆಳಗ್ಗೆ ಏಳೂವರೆ ಬಸ್ಸು ನಿಂತು ಎರಡು ತಿಂಗಳಾಯ್ತು, ಕಾಲೇಜಿಗೆ ಹೇಗೆ ಹೋಗೋದು ಸರ್?" ಅಂತ ಕೇಳಿದಳು. ಅವರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು.