ಯೆಕೊನ್ಯನ ಹೆಸರು ಅಲ್ಲಿ ಯಾಕಿದೆ?

ಕೇಳುಗರೇ, ನಮಸ್ಕಾರ.

ಬೈಬಲಿನ ಹೊಸ ಒಡಂಬಡಿಕೆ ಶುರುವಾಗುವುದೇ ಹೆಸರುಗಳಿಂದ, ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿಯಿಂದ. ಅಬ್ರಹಾಮನಿಂದ ಇಸಾಕ, ಇಸಾಕನಿಂದ ಯಾಕೋಬ, ಯಾಕೋಬನಿಂದ ಯೆಹೂದ. ಚರ್ಚಿನಲ್ಲಿ ಈ ಭಾಗ ಓದುವ ಸರದಿ ಬಂದರೆ ನಾಲಿಗೆ ತೊಡರುತ್ತದೆ. ಮನೆಯಲ್ಲಾದರೆ ಸುಮ್ನೆ ದಾಟಿ 18ನೇ ವಚನಕ್ಕೆ ಹೋಗಿಬಿಡುತ್ತೇವೆ, ಅಲ್ವಾ? ಇವತ್ತು 11ನೇ ವಚನದಲ್ಲಿ ಸ್ವಲ್ಪ ನಿಲ್ಲೋಣ. ಅಲ್ಲಿ ಯೆಕೊನ್ಯ ಅಂತ ಒಬ್ಬನಿದ್ದಾನೆ.

ಯೆಹೋಯಾಖೀನ ಅನ್ನುವುದೂ ಇವನ ಹೆಸರೇ. ಯೆಹೂದ ರಾಜ್ಯದ ಅರಸನಾದಾಗ ಅವನಿಗೆ 18 ವರ್ಷ. ಆಳಿದ್ದು ಬರೀ 3 ತಿಂಗಳು. ಕ್ರಿಸ್ತಪೂರ್ವ 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಅವನನ್ನೂ ಅವನ ತಾಯಿಯನ್ನೂ ಬಾಬಿಲೋನಿಗೆ ಸೆರೆ ಒಯ್ದ. ಪ್ರವಾದಿ ಯೆರೆಮೀಯನ ಬಾಯಿಂದ ದೇವರು ಅವನಿಗೆ ಹೇಳಿಸಿದ ಮಾತು ಬಹಳ ಕಠಿಣ. ನೀನು ನನ್ನ ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತುಹಾಕುತ್ತೇನೆ. ಇವನನ್ನು ಮಕ್ಕಳಿಲ್ಲದವನೆಂದು ಬರೆಯಿರಿ, ಇವನ ಸಂತಾನದಲ್ಲಿ ಯಾರೂ ದಾವೀದನ ಸಿಂಹಾಸನದಲ್ಲಿ ಕೂತು ಆಳುವುದಿಲ್ಲ.

ಹಾಗಾದರೆ ಈ ವಂಶದ ಮೂಲ ಅರಸ ದಾವೀದನಿಗೆ ಕೊಟ್ಟ ಮಾತು ಏನಾಯಿತು? ನಿನ್ನ ಮನೆತನ ಸದಾಕಾಲ ನಿಲ್ಲುವುದು ಅಂತ ದೇವರು ಹೇಳಿದ್ದನಲ್ಲ? ಈ ಎರಡು ಮಾತುಗಳ ನಡುವೆ ನಾನು ಬಹಳ ದಿನ ಸಿಕ್ಕಿಕೊಂಡಿದ್ದೆ.

1899ರಿಂದ 1917ರವರೆಗೆ ಜರ್ಮನಿಯವರು ಬಾಬಿಲೋನಿನ ಹಾಳೂರನ್ನು ಅಗೆದರು. ಅರಮನೆಯ ಹತ್ತಿರ ಮಣ್ಣಿನ ಹಲಗೆಗಳು ಸಿಕ್ಕವು. ಅರಮನೆಯಿಂದ ಯಾರ‍್ಯಾರಿಗೆ ಎಷ್ಟು ಎಣ್ಣೆ ಕೊಟ್ಟರು ಅನ್ನುವ ಲೆಕ್ಕ ಅದು, ನಮ್ಮ ರೇಷನ್ ಪುಸ್ತಕದ ಹಾಗೆ. ಅದರಲ್ಲಿ ಯೆಹೂದದ ಅರಸ ಯೆಕೊನ್ಯನ ಹೆಸರಿದೆ. ಅದರ ಜೊತೆಗೇ ಅವನ 5 ಜನ ಗಂಡುಮಕ್ಕಳ ಪಾಲೂ ಇದೆ. ಐದು ಮಕ್ಕಳು! ಲೆಕ್ಕ ಬರೆದ ಗುಮಾಸ್ತನಿಗೆ ದಾವೀದನೂ ಗೊತ್ತಿಲ್ಲ, ವಾಗ್ದಾನವೂ ಗೊತ್ತಿಲ್ಲ. ಅವನು ಎಣ್ಣೆ ಅಳೆದ, ಬರೆದಿಟ್ಟ. ಸೆರೆಯ ಊರಿನಲ್ಲಿ ಶತ್ರುವಿನ ಕೈಯಿಂದಲೇ ದೇವರು ಆ ಮಕ್ಕಳಿಗೆ ಉಣಿಸುತ್ತಿದ್ದನು.

ಸೆರೆಯ 37ನೇ ವರ್ಷದಲ್ಲಿ ಬಾಬಿಲೋನಿನ ಹೊಸ ಅರಸ ಎವೀಲ್ಮೆರೋದಕ ಯೆಕೊನ್ಯನನ್ನು ಬಿಡಿಸಿ, ಸೆರೆಮನೆಯ ಬಟ್ಟೆ ತೆಗೆಸಿ, ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಂಡ. ಅರಸುಗಳ ಎರಡನೇ ಪುಸ್ತಕ ಮುಗಿಯುವುದೇ ಈ ಊಟದಿಂದ.

ಸಿಂಹಾಸನ ಮಾತ್ರ ವಾಪಸ್ ಬರಲಿಲ್ಲ. ಯೆರೆಮೀಯನ ಮಾತೂ ಹುಸಿಯಾಗಲಿಲ್ಲ. ನನಗೆ ಇಲ್ಲಿ ಧೈರ್ಯ ಬರುತ್ತದೆ. ದೇವರು ಸಿಹಿ ಮಾತನ್ನು ಉಳಿಸಿಕೊಳ್ಳಲು ಕಹಿ ಮಾತನ್ನು ಅಳಿಸಲಿಲ್ಲ. ಎರಡನ್ನೂ ನಡೆಸಿದನು.

ಯೆಕೊನ್ಯನ ಮೊಮ್ಮಗ ಜೆರುಬ್ಬಾಬೆಲ. ಬಾಬಿಲೋನಿನ ಬೀಜ ಅಂತ ಆ ಹೆಸರಿಗೆ ಅರ್ಥ ಹೇಳುತ್ತಾರೆ. ಸೆರೆಯಿಂದ ಜೆರೂಸಲೇಮಿಗೆ ಮರಳಿದವರ ಮುಂದಾಳು ಅವನೇ. ಆದರೆ ಅರಸನಾಗಿ ಅಲ್ಲ, ಅಧಿಪತಿಯಾಗಿ. ಕ್ರಿಸ್ತಪೂರ್ವ 520ರಲ್ಲಿ ದೇವಾಲಯ ಕಟ್ಟುತ್ತಿದ್ದಾಗ ಪ್ರವಾದಿ ಹಗ್ಗಾಯನ ಮೂಲಕ ಅವನಿಗೆ ಒಂದು ಮಾತು ಬಂತು: ನಿನ್ನನ್ನು ಮುದ್ರೆಯುಂಗುರವಾಗಿ ಮಾಡುವೆನು. ತಾತನ ಕಾಲದಲ್ಲಿ ಕಿತ್ತುಹಾಕಿದ ಅದೇ ಉಂಗುರ!

ಅವನಾದ ಮೇಲೆ ಅಜೋರ, ಸದೋಕ, ಮತ್ತಾನ ಅಂತ ಹೆಸರುಗಳು ಬರುತ್ತವೆ. ಯುದ್ಧ ಗೆದ್ದರು, ಊರು ಕಟ್ಟಿದರು ಅಂತ ಅವರ ಬಗ್ಗೆ ಒಂದು ಸಾಲೂ ಇಲ್ಲ. ಮನೆ ನಡೆಸಿದರು, ಮಕ್ಕಳನ್ನು ಸಾಕಿದರು, ಅಷ್ಟೇ. ಅವರ ಮನೆತನದಲ್ಲೇ ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫ ಹುಟ್ಟಿದ. ನಜರೇತಿನಲ್ಲಿ ಬಡಗಿ ಕೆಲಸ ಮಾಡುತ್ತಿದ್ದ.