ಸಂಪಾಜೆ ಘಾಟಿಯೂ ಒಂದು ಹಂಡೆ ಬಿಸಿನೀರೂ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವಾರ ಸುಂಟಿಕೊಪ್ಪದಲ್ಲಿ ಪೆಟ್ರೋಲ್ ಹಾಕಿಸಲು ನಿಂತಿದ್ದೆ. ಬಂಕಿಗೆ ಹೊಸದಾಗಿ ಸೇರಿದ ಹುಡುಗ ಮೀಟರು ಓಡುವಷ್ಟರಲ್ಲಿ ನನ್ನ ಕಾರನ್ನು ಹಿಂದೆ ಮುಂದೆ ನೋಡಿ, ‘ಆಂಟಿ, ಗಾಡಿ ಸೂಪರಾಗಿದೆ, ಅಂಕಲ್‌ದಾ?’ ಅಂದ. ನನ್ನದೇ ಕಣಪ್ಪ ಅಂದೆ. ‘ಅಲ್ಲ ಆಂಟಿ, ಘಾಟಿಯಲ್ಲಿ ಓಡಿಸೋದು ಯಾರು?’ ಅಂತ ಮತ್ತೆ ಕೇಳಿದ. ಪಾಪ, ಅವನ ತಪ್ಪೇನೂ ಇಲ್ಲ. ತೋಟದಿಂದ ನೇರ ಬಂದಿದ್ದೆ, ಸೀಟಿನ ಪಕ್ಕದಲ್ಲಿ ಗಂಬೂಟು ಬಿದ್ದಿತ್ತು, ಡಿಕ್ಕಿಯಲ್ಲಿ ಎರಡು ಮೂಟೆ ಗೊಬ್ಬರ.

ನನ್ನದು 2002ರ ಫಿಯೆಟ್ ಪಾಲಿಯೊ. 1.6 ಲೀಟರಿನ ಪೆಟ್ರೋಲ್ ಎಂಜಿನ್, ನೂರು ಕುದುರೆಶಕ್ತಿ. ಆಗ ಸಚಿನ್ ತೆಂಡೂಲ್ಕರ್ ಅದರ ಜಾಹೀರಾತಿನಲ್ಲಿ ಬರುತ್ತಿದ್ದರು. ಸ್ಪೋರ್ಟ್ಸ್ ಕಾರು ಅಂದರೆ ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಮೈ ಅಂತ ವಾದಿಸುವವರಿದ್ದಾರೆ. ಅಂಥ ಕಾರು ನಮ್ಮ ತೋಟದ ಗೇಟು ದಾಟಿ ಒಳಗೆ ಬರಲಾರದು. ಕೇಳಿದಾಗ ಎಳೆಯಬೇಕು, ತಿರುವಿನಲ್ಲಿ ಹೇಳಿದ ಮಾತು ಕೇಳಬೇಕು. ಅಷ್ಟಿದ್ದರೆ ನನ್ನ ಲೆಕ್ಕದಲ್ಲಿ ಅದು ಸ್ಪೋರ್ಟ್ಸ್ ಕಾರೇ.

ನಾನು ಓಡಿಸಲು ಕಲಿತದ್ದು ಅಪ್ಪನ ಹಳೇ ಜೀಪಿನಲ್ಲಿ. ಮೂರೇ ಗೇರು. ಒಂದನೇ ಗೇರಿಗೆ ಸಿಂಕ್ರೋ ಇರಲಿಲ್ಲ. ಅಂದರೆ, ಗಾಡಿ ಉರುಳುತ್ತಿರುವಾಗಲೇ ಎರಡರಿಂದ ಒಂದಕ್ಕೆ ಇಳಿಸಬೇಕಾದರೆ ಒಳಗಿನ ಹಲ್ಲುಗಳ ವೇಗ ಹೊಂದಿಸಿಕೊಡುವ ಕೆಲಸವೂ ಓಡಿಸುವವರದೇ. ಕ್ಲಚ್ ತುಳಿ, ನ್ಯೂಟ್ರಲ್‌ಗೆ ತಾ, ಕ್ಲಚ್ ಬಿಡು, ಆಕ್ಸಿಲರೇಟರ್ ಒಂದು ಗುಕ್ಕು ಒತ್ತು, ಮತ್ತೆ ಕ್ಲಚ್ ತುಳಿ, ಒಂದಕ್ಕೆ ಹಾಕು. ಡಬಲ್ ಕ್ಲಚ್ ಅಂತ ಇದಕ್ಕೆ ಹೆಸರು. ತಪ್ಪಿದರೆ ಬರುವ ‘ಕರ್ರ್’ ಸದ್ದು ಕಾಫಿ ಕಣದಲ್ಲಿ ನಿಂತ ಅಪ್ಪನ ಕಿವಿಗೆ ಬೀಳುತ್ತಿತ್ತು. ಆಗ ಏನೂ ಅನ್ನುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ‘ಇವತ್ತು ಎಷ್ಟು ಹಲ್ಲು ಉದುರಿಸಿದೆ?’ ಅಂತ ಕೇಳುತ್ತಿದ್ದರು.

ರೇಸಿನವರು ಮಾಡುವ ಹೀಲ್ ಆಂಡ್ ಟೋ ಇದರ ಮೊಮ್ಮಗ. ಬಲಗಾಲಿನ ಮುಂಭಾಗ ಬ್ರೇಕಿನ ಮೇಲೆ, ಅದೇ ಕಾಲಿನ ಅಂಚು ಆಕ್ಸಿಲರೇಟರ್ ಮೇಲೆ, ಎಡಗಾಲು ಕ್ಲಚ್ ಮೇಲೆ. ಬ್ರೇಕ್ ಹಿಡಿಯುತ್ತಲೇ ಎಂಜಿನ್ನನ್ನು ಒಮ್ಮೆ ಗುರ್ ಅನ್ನಿಸಿ ಕೆಳಗಿನ ಗೇರಿಗೆ ಹಾಕಿದರೆ ಕಾರು ಜರ್ಕ್ ಹೊಡೆಯುವುದಿಲ್ಲ, ಒದ್ದೆ ತಿರುವಿನಲ್ಲಿ ಚಕ್ರ ಜಾರುವುದಿಲ್ಲ. ಕಲಿಯಲು ನನಗೆ ಎರಡು ಮಳೆಗಾಲ ಬೇಕಾಯಿತು. ಒಂದು ಮಾತು, ಗಂಬೂಟು ಹಾಕಿಕೊಂಡು ಇದು ಆಗುವುದಿಲ್ಲ. ಅದಕ್ಕೇ ಕಾರಿನಲ್ಲಿ ಯಾವಾಗಲೂ ಒಂದು ಜೊತೆ ತೆಳು ಅಡಿಯ ಕ್ಯಾನ್ವಾಸ್ ಶೂ ಇರುತ್ತದೆ.

ಮಗನ ಕಾರು ಬೇರೆ ಜಾತಿಯದು. ಟರ್ಬೊ ಪೆಟ್ರೋಲ್, ಏಳು ಗೇರಿನ ಆಟೋಮ್ಯಾಟಿಕ್. ಅವನು ಬೆಂಗಳೂರಿನಲ್ಲಿ, ಕಾರು ವರ್ಷದಲ್ಲಿ ಅರ್ಧ ಕಾಲ ನಮ್ಮ ಶೆಡ್ಡಿನಲ್ಲಿ. ಹತ್ತುವಾಗ ಅದರ ಮುಂದೆ ನನ್ನದು ಏನೂ ಅಲ್ಲ. ಕಾರಣ ಗಾಳಿ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಇಲ್ಲಿ ಗಾಳಿ ತೆಳು, ಎಂಜಿನ್ ಒಂದೊಂದು ಉಸಿರಿಗೆ ಎಳೆದುಕೊಳ್ಳುವ ಆಮ್ಲಜನಕವೂ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಿಂದ ನೂರು ಕುದುರೆ ಕಟ್ಟಿಕೊಂಡು ಹೊರಟ ನಾನು ಮಡಿಕೇರಿ ತಲುಪುವಾಗ ತೊಂಬತ್ತೇ. ಟರ್ಬೊ ಇದ್ದರೆ ಅದು ಗಾಳಿಯನ್ನು ಒತ್ತಿ ತುಂಬಿ ಆ ಕೊರತೆಯನ್ನು ಬಹುಪಾಲು ತೀರಿಸಿಬಿಡುತ್ತದೆ.

ಆದರೆ ಹತ್ತುವುದು ದೊಡ್ಡ ವಿಷಯವಲ್ಲ. ಕೊಡಗಿನಲ್ಲಿ ಕಾರಿನ ಯೋಗ್ಯತೆ ಗೊತ್ತಾಗುವುದು ಇಳಿಯುವಾಗ. ಇದು ನನಗೆ ತಿಳಿದದ್ದು ಮೂರು ವರ್ಷದ ಹಿಂದೆ, ನನ್ನದೇ ಎಡವಟ್ಟಿನಿಂದ.

ಮಂಗಳೂರಿನಲ್ಲಿರುವ ಮಗಳ ಮನೆಗೆ ಹೊರಟಿದ್ದೆ, ಮಗನ ಕಾರಿನಲ್ಲಿ. ನಮ್ಮ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆ. ಆಟೋಮ್ಯಾಟಿಕ್ ತಾನೇ ಅಂತ ಲಿವರನ್ನು ‘ಡಿ’ಗೆ ಹಾಕಿ ಮರೆತುಬಿಟ್ಟೆ. ಪೆಟ್ರೋಲ್ ಉಳಿಸಬೇಕು ಅಂತ ‘ಡಿ’ ಮೇಲಿನ ಗೇರನ್ನೇ ಹಿಡಿದುಕೊಳ್ಳುತ್ತದೆ. ಐದರಲ್ಲೋ ಆರರಲ್ಲೋ ಕಾರು ಹಗುರವಾಗಿ ಜಾರುತ್ತದೆ, ನಾವು ಬ್ರೇಕ್ ಒತ್ತುತ್ತಲೇ ಇರುತ್ತೇವೆ. ಮದೆನಾಡು ದಾಟಿದೆ. ಜೋಡುಪಾಲದ ಹತ್ತಿರ ಸುಟ್ಟ ವಾಸನೆ. ಮುಂದಿನ ಲಾರಿಯದ್ದಿರಬೇಕು ಅಂದುಕೊಂಡೆ. ದೇವರಕೊಲ್ಲಿಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಪೆಡಲ್ ಕೆಳಗೆ ಹೋಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಇದೇ ದಾರಿ ಮುಚ್ಚಿಹೋದದ್ದನ್ನು ಕಂಡವಳು ನಾನು. ರಸ್ತೆಯ ಅಂಚಿನಾಚೆ ಏನಿದೆ ಅಂತ ಚೆನ್ನಾಗಿ ಗೊತ್ತು. ಬಾಯಿ ಒಣಗಿಹೋಯಿತು. ಸ್ಟೀರಿಂಗ್ ಹಿಂದೆ ಎಡಗಡೆ ಇರುವ, ಗೇರ್ ಇಳಿಸುವ ಪ್ಯಾಡಲನ್ನು ಎಳೆದೆ, ಮತ್ತೆ ಎಳೆದೆ, ಮತ್ತೆ. ಎಂಜಿನ್ ಊಳಿಟ್ಟಿತು, ಕಾರು ತಡೆದುಕೊಂಡಿತು. ಪೆಡಲನ್ನು ಪಂಪ್ ಮಾಡಿ ಅಗಲವಾದ ಒಂದು ಜಾಗದಲ್ಲಿ ಹೇಗೋ ನಿಲ್ಲಿಸಿ, ಅರ್ಧ ಗಂಟೆ ಮಳೆಯಲ್ಲೇ ನಿಂತೆ.

ಮನೆಗೆ ಬಂದ ಮೇಲೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದೆ. 1,200 ಕಿಲೋ ತೂಕದ ಕಾರು ಮಡಿಕೇರಿಯಿಂದ ಸಂಪಾಜೆಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿಯುತ್ತದೆ. ಆ ಶಕ್ತಿಯಷ್ಟೂ ಶಾಖವಾದರೆ ಸುಮಾರು 35 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ನಮ್ಮ ಬಚ್ಚಲಿನ ಹಂಡೆಯನ್ನು ನೆನೆಸಿಕೊಳ್ಳಿ, ಅದಕ್ಕೆ ಎಷ್ಟು ಸೌದೆ ಬೇಕು ಅಂತಲೂ. ಅಷ್ಟು ಬೆಂಕಿಯಲ್ಲಿ ದೊಡ್ಡ ಪಾಲನ್ನು ಅಂಗೈಯಗಲದ ಬ್ರೇಕ್ ಪ್ಯಾಡುಗಳ ಮೇಲೆ ಹೊರಿಸಿದ್ದೆ ನಾನು. ಕೆಳಗಿನ ಗೇರಿನಲ್ಲಿ ಇಳಿದಿದ್ದರೆ ಅದನ್ನು ಎಂಜಿನ್ ನುಂಗುತ್ತಿತ್ತು.

ಪ್ಯಾಡು ಕಾದದ್ದು ಒಂದು ಕಡೆ, ಬ್ರೇಕ್ ಆಯಿಲ್ ಇನ್ನೊಂದು ಕಡೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಡಬ್ಬಿಯ ಮುಚ್ಚಳ ತೆಗೆದಿಟ್ಟ ಉಪ್ಪಿನ ಹಾಗೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿಕೊಂಡ ಮೇಲೆ ಅದೇ ದರ್ಜೆಗೆ ಇರುವ ಮಿತಿ 155 ಡಿಗ್ರಿ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ನಮ್ಮ ಕಾಲಿನ ಒತ್ತಡ ಗುಳ್ಳೆ ಅದುಮುವುದರಲ್ಲೇ ಮುಗಿಯುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆಯಿಲನ್ನು ಆ ಕಾರಿನಲ್ಲಿ ನಾಲ್ಕು ವರ್ಷ ಮುಟ್ಟಿರಲಿಲ್ಲ. ಮಗ ಮರೆತಿದ್ದ, ನಾನೂ ಕೇಳಿರಲಿಲ್ಲ. ಆರು ತಿಂಗಳು ಗೋಡೆಗೆಲ್ಲ ಪಾಚಿ ಹಿಡಿಯುವ ಊರಿನಲ್ಲಿ ಇಂಥದ್ದನ್ನು ಮರೆಯಬಾರದಿತ್ತು.

ಇಲ್ಲೇ ಇನ್ನೊಂದು ಜಗಳವನ್ನೂ ಆಡಿಬಿಡುತ್ತೇನೆ. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರ್ತಿ ನಿಂತುಹೋಗುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಯುವ ಮಹಾಶಯರಿಗೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್‌ಗೆ ಬೇಕಾದ ನಿರ್ವಾತ ಕೊಡುವುದೇ ಎಂಜಿನ್.

ಆಟೋಮ್ಯಾಟಿಕ್ ಅಂದರೆ ಒಂದೇ ವಸ್ತುವಲ್ಲ. ಕಡಿಮೆ ಬೆಲೆಯ ಎಎಂಟಿಯಲ್ಲಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ತುಳಿಯಲು, ಗೇರ್ ಬದಲಿಸಲು ಮಾತ್ರ ಯಂತ್ರದ ಕೈಕಾಲು. ಆ ಕೈಕಾಲು ಸ್ವಲ್ಪ ನಿಧಾನ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಸುಳಿಯುತ್ತದೆ, ಏರಿನಲ್ಲಿ ನಿಂತು ಹೊರಡುವುದಕ್ಕೆ ಅದರಷ್ಟು ಸಭ್ಯ ಬೇರೊಂದಿಲ್ಲ. ಗೇರುಗಳ ಬದಲು ಬೆಲ್ಟಿನ ಮೇಲೆ ನಡೆಯುವ ಸಿವಿಟಿಯನ್ನು ನಾನು ಹೆಚ್ಚು ಓಡಿಸಿಲ್ಲ, ಅದರ ಬೆಲ್ಟಿನ ಗುಂಯ್‌ಗುಡುವಿಕೆ ನನಗೆ ಹಿಡಿಸುವುದಿಲ್ಲ. ಮಗನ ಕಾರಿನದು ಡ್ಯುಯಲ್ ಕ್ಲಚ್. ಒಂದು, ಮೂರು, ಐದು, ಏಳನೇ ಗೇರಿಗೆ ಒಂದು ಕ್ಲಚ್, ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಮೂರರಲ್ಲಿ ಓಡುವಾಗಲೇ ನಾಲ್ಕು ಸಿದ್ಧವಾಗಿ ನಿಂತಿರುತ್ತದೆ. ವಾಲಗಕ್ಕೆ ಕುಣಿಯುವವರು ಹೆಜ್ಜೆ ಬದಲಿಸಿದಷ್ಟೇ ಸಲೀಸು. ಅದರ ದೌರ್ಬಲ್ಯ ಬೇರೆ ಕಡೆ ಇದೆ. ಒಣ ಕ್ಲಚ್ ಇರುವವು ಏರಿನಲ್ಲಿ ತೆವಳುವ ಟ್ರಾಫಿಕ್ಕನ್ನು ಸಹಿಸುವುದಿಲ್ಲ. ಮಡಿಕೇರಿ ದಸರಾ ರಾತ್ರಿ ಆಕ್ಸಿಲರೇಟರಿನಲ್ಲೇ ಕಾರನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದರೆ ಕ್ಲಚ್ ಕಾದು ಎಚ್ಚರಿಕೆಯ ದೀಪ ಹತ್ತುವುದು ಖಂಡಿತ. ಬ್ರೇಕ್ ಹಿಡಿದು ನಿಲ್ಲಿ, ಮುಂದೆ ಒಂದು ಗಾಡಿಯಷ್ಟು ಜಾಗವಾದ ಮೇಲೆ ಹೊರಡಿ.

ಅವತ್ತು ನನ್ನನ್ನು ಉಳಿಸಿದ ಪ್ಯಾಡಲ್ ಬಂದದ್ದು ರೇಸಿನಿಂದ. 1989ರಲ್ಲಿ ಫೆರಾರಿ ತಂಡ ಸ್ಟೀರಿಂಗ್ ಹಿಂದೆ ಗೇರ್ ಲಿವರ್ ಇಟ್ಟ ಫಾರ್ಮುಲಾ ಒನ್ ಕಾರನ್ನು ಬ್ರೆಜಿಲ್‌ಗೆ ಒಯ್ದಿತು. ಪರೀಕ್ಷೆಯ ದಿನಗಳಲ್ಲಿ ಅದು ಕೆಟ್ಟದ್ದೇ ಹೆಚ್ಚು. ನೈಜೆಲ್ ಮ್ಯಾನ್ಸೆಲ್ ಅಂತೂ ರೇಸ್ ಮುಗಿಯುವವರೆಗೆ ಕಾರು ಬಾಳುವುದಿಲ್ಲ ಅಂತ ಬೇಗನೆ ಊರಿಗೆ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಿಟ್ಟಿದ್ದರು. ಗೆದ್ದುಬಿಟ್ಟರು! ವಿಮಾನ ತಪ್ಪಿತು. ಇನ್ನೊಂದು ಕಥೆ ತಿರುವುಮುರುವು. ಪೋರ್ಷೆ ಕಂಪನಿ 2013ರಲ್ಲಿ ತನ್ನ 911 ಜಿಟಿ3 ಕಾರನ್ನು ಡ್ಯುಯಲ್ ಕ್ಲಚ್‌ನಲ್ಲಿ ಮಾತ್ರ ಕೊಟ್ಟಿತು. ಗೇರ್ ಹಾಕುವ ಸುಖ ಬೇಕು ಅಂತ ಗಿರಾಕಿಗಳು ಪಟ್ಟು ಹಿಡಿದ ಮೇಲೆ 2017ರಲ್ಲಿ ಮ್ಯಾನುಯಲ್ ಮರಳಿ ಬಂತು. ಮ್ಯಾನುಯಲ್ ನಿಧಾನ ಅಂತ ಗೊತ್ತಿದ್ದೂ ಕೇಳಿದರು. ನನಗದು ಅರ್ಥವಾಗುತ್ತದೆ.

ಇನ್ನು ಕಾರಿಗೆ ಶಕ್ತಿ ತುಂಬಿಸುವ ಮಾತು. ನಮ್ಮ ಹುಡುಗರು ಬೇಸಿಗೆಯಲ್ಲಿ ಗೋಣಿಕೊಪ್ಪ, ವಿರಾಜಪೇಟೆ ಕಡೆ ಒಣಗಿದ ಗದ್ದೆಯಲ್ಲಿ ಆಟೋಕ್ರಾಸ್ ಅನ್ನುವ ಕಾರು ಓಟ ನೋಡಿ ಬಂದವರೇ ಸೈಲೆನ್ಸರ್ ಬದಲಿಸುತ್ತಾರೆ. ಸದ್ದು ಹೆಚ್ಚುತ್ತದೆ. ಪಿಕಪ್ ಹೆಚ್ಚಿತು ಅಂತ ಕಿವಿ ನಂಬುತ್ತದೆ.

ನನ್ನ ತಮ್ಮನ ಮಗ ಇನ್ನೂ ಮುಂದೆ ಹೋದ. ಮ್ಯಾನುಯಲ್ ಟರ್ಬೊ ಕಾರಿನ ಕಂಪ್ಯೂಟರಿಗೆ ರೀಮ್ಯಾಪ್, ಅಂದರೆ ಹೆಚ್ಚು ಶಕ್ತಿ ಬರುವಂತೆ ಒಳಗಿನ ಲೆಕ್ಕದ ಬದಲಾವಣೆ, ಮಾಡಿಸಿಕೊಂಡು ಬಂದು, ‘ಅತ್ತೆ, ಕೂತು ನೋಡಿ’ ಅಂದ. ಕುಶಾಲನಗರದಿಂದ ಹೊರಟೆವು. ಬೋಯಿಕೇರಿ ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದ. ಎಂಜಿನ್ ಮುಳ್ಳು ಮೇಲಕ್ಕೆ ಓಡಿತು, ವೇಗದ ಮುಳ್ಳು ಇದ್ದಲ್ಲೇ ಇತ್ತು. ಕ್ಲಚ್ ಸ್ಲಿಪ್. ಎಂಜಿನ್ ಕೊಡುವ ಹೊಸ ಬಲವನ್ನು ಹಳೆ ಕ್ಲಚ್ ಪ್ಲೇಟ್ ಹಿಡಿಯಲಾರದೆ ಜಾರುತ್ತಿತ್ತು. ಮ್ಯಾನುಯಲ್ ಆದದ್ದರಿಂದ ಗಟ್ಟಿ ಕ್ಲಚ್ ಹಾಕಿಸಿ ಮುಗಿಯಿತು. ಆಟೋಮ್ಯಾಟಿಕ್‌ನಲ್ಲಿ ಅಷ್ಟು ಸುಲಭವಲ್ಲ. ಫೋಕ್ಸ್‌ವ್ಯಾಗನ್ನಿನ ಡಿಕ್ಯೂ200 ಅನ್ನುವ ಏಳು ಗೇರಿನ ಒಣ ಕ್ಲಚ್ ಪೆಟ್ಟಿಗೆ ತಾಳಬಲ್ಲದು ಅಂತ ಹೇಳಿರುವ ಟಾರ್ಕ್, ಅಂದರೆ ತಿರುಗಿಸುವ ಬಲ, 250 ನ್ಯೂಟನ್ ಮೀಟರ್. ರೀಮ್ಯಾಪ್ ಮಾಡಿಸುವವರು ಮೊದಲು ನೋಡಬೇಕಾದದ್ದು ತಮ್ಮ ಗೇರ್‌ಬಾಕ್ಸಿನ ಇಂಥ ಅಂಕೆ, ಎಂಜಿನ್ನಿನದಲ್ಲ.

ನನ್ನನ್ನು ಕೇಳಿದರೆ ದುಡ್ಡು ಸುರಿಯುವ ಕೆಲಸ ನೆಲದಿಂದ ಶುರುವಾಗಲಿ. ಮೊದಲು ಟಯರ್. ಅದರ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂತಿದ್ದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಗೀರು ಆಳವಾಗಿಯೇ ಇದ್ದರೂ ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ಸಿಲ್ವರ್ ಓಕ್ ಎಲೆ ಕೊಳೆತು ಬಿದ್ದ ರಸ್ತೆಯಲ್ಲಿ ಸೋಪಿನ ಹಾಗೆ ಜಾರುತ್ತದೆ. ದೊಡ್ಡ ರಿಮ್ಮು, ತೆಳು ಟಯರು ನೋಡಲು ಚೆಂದ, ಮಳೆಗಾಲದ ಒಂದು ಗುಂಡಿಗೆ ರಿಮ್ ಸೊಟ್ಟಗಾದಾಗ ಗೊತ್ತಾಗುತ್ತದೆ. ಆಮೇಲೆ ಬ್ರೇಕ್ ಪ್ಯಾಡ್. ಇಲ್ಲಿ ಆಸೆ ಜಾಸ್ತಿ ಬೇಡ. ರೇಸಿನ ಪ್ಯಾಡುಗಳು ಚೆನ್ನಾಗಿ ಕಾದ ಮೇಲೆ ಹಿಡಿಯುವಂಥವು. ಮಂಜು ಬಿದ್ದ ಬೆಳಿಗ್ಗೆ ಗೇಟಿನ ಹೊರಗಿನ ಮೊದಲ ತಿರುವಿನಲ್ಲೇ, ಆನೆ ನಿಂತಿದ್ದರೆ, ತಣ್ಣಗಿನ ಪ್ಯಾಡ್ ಹಿಡಿಯಬೇಕಲ್ಲ? ಗಾಳಿ ಎಳೆಯುವ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸಿ ಕೂರಿಸುವವರಿಗೂ ಒಂದು ಮಾತು. ನಿಂತ ನೀರಿನಲ್ಲಿ ಎಂಜಿನ್ ಗಾಳಿಯ ಬದಲು ನೀರು ಕುಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕಾನೂನು ಚುಟುಕಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಾದ ಮೇಲೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಟಯರ್, ಪ್ಯಾಡ್ ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯದನ್ನು ಹಾಕಿಸಿಕೊಂಡರೆ ಯಾರೂ ಕೇಳುವುದಿಲ್ಲ. ಬೇರೇನಾದರೂ ಮಾಡಿಸಿದರೆ ವಿಮೆಯವರಿಗೆ ಮೊದಲೇ ಹೇಳಿಡಿ.

ಮುಂದಿನ ತಿಂಗಳು ಮಗ ಊರಿಗೆ ಬರುತ್ತಾನೆ. ಹುತ್ತರಿ ಹಬ್ಬದವರೆಗೆ ಕೀ ಅದಲುಬದಲು ಅಂತ ಮಾತಾಗಿದೆ. ನಾನು ಅವನ ಕಾರಿನಲ್ಲಿ ಪ್ಯಾಡಲ್ ಅಭ್ಯಾಸ ಮಾಡುವುದು, ಅವನು ನನ್ನ ಪಾಲಿಯೊದಲ್ಲಿ ಹೀಲ್ ಆಂಡ್ ಟೋ ಕಲಿಯುವುದು, ಅದೂ ತೋಟದ ಒಳಗಿನ ದಾರಿಯಲ್ಲಿ ಮಾತ್ರ. ನಾನು ಕಣದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ರಾತ್ರಿ ಊಟಕ್ಕೆ ಏನು ಕೇಳಬೇಕು ಅಂತ ನನಗೆ ಗೊತ್ತಿದೆ.

ನಮಸ್ಕಾರ.