ಅಧ್ಯಕ್ಷ ಪದವಿಯ ಎದುರು ಅಭ್ಯರ್ಥಿಯನ್ನು ತೂಗುವ ಬಗೆ

ಕನ್ನಡ ಬಂಧುಗಳೇ,

ಈ ಸಭೆಯಲ್ಲಿ ಅಮೆರಿಕದ ಪೌರತ್ವ ಪಡೆದು ಹಲವು ಬಾರಿ ಮತ ಹಾಕಿದವರಿದ್ದೀರಿ. 2028ರ ನವೆಂಬರ್ 7ರಂದು ಮೊದಲ ಸಲ ಅಧ್ಯಕ್ಷರ ಆಯ್ಕೆಯಲ್ಲಿ ಪಾಲುಗೊಳ್ಳಲಿರುವವರಿದ್ದೀರಿ. ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾಯುತ್ತ, ಬೇರೆಯವರು ಹಾಕಿದ ಮತದ ಫಲವನ್ನು ಉಣ್ಣುತ್ತಿರುವವರೂ ಇದ್ದೀರಿ. ಹಾಗಾಗಿ ಯಾವ ಪಕ್ಷಕ್ಕೆ ಮತ ಹಾಕಬೇಕು ಎಂದು ಹೇಳಲು ನಾನು ಇಲ್ಲಿಗೆ ಬಂದಿಲ್ಲ. ಅಭ್ಯರ್ಥಿಗಳನ್ನು ತೂಗುವಾಗ ನಾವು ತಕ್ಕಡಿಯ ಒಂದು ತಟ್ಟೆಯಲ್ಲಿ ಅವರ ಮಾತುಗಳನ್ನಿಟ್ಟು, ಇನ್ನೊಂದರಲ್ಲಿ ನಮ್ಮ ಆಸೆಗಳನ್ನಿಡುತ್ತೇವೆ. ಆ ಇನ್ನೊಂದು ತಟ್ಟೆಯಲ್ಲಿ ಇರಬೇಕಾದದ್ದು ಆ ಪದವಿ. ಅಧ್ಯಕ್ಷರಾದವರು ಒಬ್ಬರೇ ಏನನ್ನು ಮಾಡಬಲ್ಲರು, ಯಾವುದಕ್ಕೆ ಇತರರ ಒಪ್ಪಿಗೆ ಬೇಕು, ಯಾವುದು ಅವರ ಕೈಯಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಅರಿಯದೆ ಅಭ್ಯರ್ಥಿಯ ಯೋಗ್ಯತೆಯನ್ನು ಅಳೆಯುವುದು ಸಾಧ್ಯವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಇತರರ ಒಪ್ಪಿಗೆ ಬೇಕಾದ ಸಂಗತಿಗಳನ್ನು ನೋಡೋಣ. ಚುನಾವಣಾ ಭಾಷಣಗಳಲ್ಲಿ ಅತಿ ಹೆಚ್ಚು ಕೇಳಿಬರುವ ತೆರಿಗೆ, ಆರೋಗ್ಯ ವಿಮೆ, ನಿವೃತ್ತಿ ವೇತನ, ವಲಸೆ ಕಾನೂನು ಇವೆಲ್ಲ ಅಮೆರಿಕದ ಶಾಸಕಾಂಗವಾದ ಕಾಂಗ್ರೆಸ್ಸಿಗೆ ಸೇರಿದವು. 1993ರಲ್ಲಿ ಬಿಲ್ ಕ್ಲಿಂಟನ್ ಎಲ್ಲರಿಗೂ ಆರೋಗ್ಯ ವಿಮೆ ಒದಗಿಸುವ ಯೋಜನೆಯನ್ನು ಮುಂದಿಟ್ಟಾಗ ಎರಡೂ ಸದನಗಳಲ್ಲಿ ಅವರದೇ ಡೆಮಾಕ್ರಟಿಕ್ ಪಕ್ಷಕ್ಕೆ ಬಹುಮತವಿತ್ತು. ಆದರೂ ಮರುವರ್ಷದ ಹೊತ್ತಿಗೆ ಆ ಯೋಜನೆಯನ್ನು ಕೈಬಿಡಬೇಕಾಯಿತು. 2005ರಲ್ಲಿ ಮರು ಆಯ್ಕೆಯ ಗೆಲುವಿನ ಬಲದಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ನಿವೃತ್ತಿ ವೇತನ ಯೋಜನೆಯನ್ನು ಭಾಗಶಃ ಖಾಸಗಿ ಖಾತೆಗಳಿಗೆ ಒಪ್ಪಿಸಲು ಹೊರಟರು. ಅದು ಮತಕ್ಕೆ ಬರುವ ಹಂತವನ್ನೂ ಮುಟ್ಟಲಿಲ್ಲ. 2017ರ ಜುಲೈನಲ್ಲಿ ಒಬಾಮಾ ಕಾಲದ ಆರೋಗ್ಯ ಕಾಯ್ದೆಯನ್ನು ತೆಗೆದುಹಾಕುವ ಡೊನಾಲ್ಡ್ ಟ್ರಂಪ್ ಅವರ ಭರವಸೆ ಸೆನೆಟ್‌ನಲ್ಲಿ 49–51 ಮತಗಳಿಂದ ಬಿದ್ದುಹೋಯಿತು, ಅದೂ ಅವರದೇ ಪಕ್ಷದ ಮೂವರು ವಿರುದ್ಧವಾಗಿ ಮತ ಹಾಕಿದ್ದರಿಂದ.

ನಮ್ಮವರಿಗೆ ಹತ್ತಿರವಾದ ಉದಾಹರಣೆಯೆಂದರೆ ಗ್ರೀನ್ ಕಾರ್ಡ್. ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದವರಿಗೆ ಶೇ 7ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಸಲ್ಲದು ಎಂಬ ಮಿತಿ ಕಾನೂನಿನಲ್ಲಿಯೇ ಇದೆ. ಬೆಂಗಳೂರಿನಿಂದ ಬಂದ ಎಂಜಿನಿಯರ್ ಒಬ್ಬರು ಅಷ್ಟು ದೀರ್ಘಕಾಲ ಕಾಯುವುದಕ್ಕೂ, ಸಣ್ಣ ದೇಶವೊಂದರಿಂದ ಬಂದ ಅವರ ಸಹೋದ್ಯೋಗಿಗೆ ಬೇಗನೆ ಕಾರ್ಡು ಸಿಗುವುದಕ್ಕೂ ಇದೇ ಮುಖ್ಯ ಕಾರಣ. ಈ ಮಿತಿಯನ್ನು ತೆಗೆಯುವ ಮಸೂದೆ 2019ರಲ್ಲಿ ಪ್ರತಿನಿಧಿ ಸಭೆಯಲ್ಲಿ 365–65 ಮತಗಳಿಂದ ಅಂಗೀಕಾರವಾಯಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಅದರ ಬೇರೊಂದು ರೂಪವನ್ನು ಒಪ್ಪಿಕೊಂಡಿತು. ಎರಡು ರೂಪಗಳು ಒಂದಾಗದೆ ಮಸೂದೆ ಅಲ್ಲಿಗೇ ನಿಂತುಹೋಯಿತು. ಹೀಗಿರುವಾಗ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೊಬ್ಬರು ಈ ಸರದಿಯನ್ನು ಮುಗಿಸುತ್ತೇನೆಂದು ಸಭೆಯಲ್ಲಿ ಹೇಳಿದರೆ, ನಾವು ಚಪ್ಪಾಳೆ ತಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸೆನೆಟ್‌ನಲ್ಲಿ ಚರ್ಚೆಯನ್ನು ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಲು ಬೇಕಾದ 60 ಮತಗಳನ್ನು ಇವರು ಎಲ್ಲಿಂದ ತರುತ್ತಾರೆ?

ಅಂದರೆ, ಕಾನೂನು ಬೇಕಾಗುವ ಭರವಸೆಗಳ ವಿಷಯದಲ್ಲಿ ನಾವು ತೂಗಬೇಕಾದದ್ದು ಶಾಸಕರನ್ನು ಒಲಿಸಿಕೊಳ್ಳುವ ಅಭ್ಯರ್ಥಿಯ ಶಕ್ತಿಯನ್ನು. ಲಿಂಡನ್ ಜಾನ್ಸನ್ 1955ರಿಂದ 1961ರವರೆಗೆ ಸೆನೆಟ್‌ನಲ್ಲಿ ಬಹುಮತ ಪಕ್ಷದ ನಾಯಕರಾಗಿದ್ದವರು; ಯಾವ ಸದಸ್ಯರಿಗೆ ಯಾವ ಅಳುಕು, ಯಾವ ಅಗತ್ಯ ಎಂಬುದನ್ನು ಅರಿತಿದ್ದವರು. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನ ಹಕ್ಕುಗಳ ಕಾಯ್ದೆ, ಅದೇ ವರ್ಷ ಭಾರತೀಯರಿಗೆ ಈ ದೇಶದ ಬಾಗಿಲನ್ನು ಅಗಲವಾಗಿ ತೆರೆದ ವಲಸೆ ಕಾಯ್ದೆ, ಈ ಮೂರಕ್ಕೂ ಸಹಿ ಹಾಕಿದವರು ಅವರೇ. ನಾವೆಲ್ಲ ಇಂದು ಈ ನೆಲದಲ್ಲಿ ಸೇರಿರುವುದರ ಹಿಂದೆ ಅಂದಿನ ಶಾಸಕಾಂಗದ ಒಳಗಿನ ಆ ಕೌಶಲವೂ ಇದೆ.

ಇನ್ನು ಅಧ್ಯಕ್ಷರು ಒಬ್ಬರೇ ಮಾಡಬಲ್ಲ ಕೆಲಸಗಳಿಗೆ ಬರೋಣ. ಇವು ಭಾಷಣಗಳಲ್ಲಿ ಕಡಿಮೆ ಕೇಳಿಬರುತ್ತವೆ, ಜೀವನದಲ್ಲಿ ಹೆಚ್ಚು ತಟ್ಟುತ್ತವೆ. ಸೇನೆಯನ್ನು ಕಳುಹಿಸುವುದು, ಅಣ್ವಸ್ತ್ರ ಪ್ರಯೋಗಕ್ಕೆ ಆಜ್ಞೆ ಕೊಡುವುದು, ಫೆಡರಲ್ ಅಪರಾಧಗಳಿಗೆ ಕ್ಷಮಾದಾನ ನೀಡುವುದು, ಅಧಿಕಾರಿಗಳನ್ನೂ ನ್ಯಾಯಾಧೀಶರನ್ನೂ ಹೆಸರಿಸುವುದು, ಆದೇಶಗಳನ್ನು ಹೊರಡಿಸುವುದು ಇವೆಲ್ಲ ಈ ಸಾಲಿನಲ್ಲಿ ಬರುತ್ತವೆ. ಪರಿಣತ ವಿದೇಶಿ ಉದ್ಯೋಗಿಗಳಿಗೆ ಕೊಡುವ ಎಚ್-1ಬಿ ವೀಸಾದ ವಾರ್ಷಿಕ ಮಿತಿಯಾದ 65,000 ಮತ್ತು ಇಲ್ಲಿನ ಉನ್ನತ ಪದವೀಧರರಿಗೆ ಮೀಸಲಾದ 20,000 ಎಂಬ ಸಂಖ್ಯೆಗಳನ್ನು ಗೊತ್ತುಮಾಡಿದ್ದು ಕಾಂಗ್ರೆಸ್. ಆದರೆ 2015ರಲ್ಲಿ ಎಚ್-4 ವೀಸಾದಲ್ಲಿದ್ದ, ಎಚ್-1ಬಿ ಉದ್ಯೋಗಿಗಳ ಅನೇಕ ಬಾಳಸಂಗಾತಿಗಳಿಗೆ ದುಡಿಯುವ ಅವಕಾಶ ದೊರೆತದ್ದು ಒಬಾಮಾ ಆಡಳಿತದ ನಿಯಮದಿಂದ. 2020ರ ಜೂನ್‌ನಲ್ಲಿ ಹೊಸ ಎಚ್-1ಬಿ ಉದ್ಯೋಗಿಗಳ ಪ್ರವೇಶ ತಡೆಹಿಡಿಯಲ್ಪಟ್ಟದ್ದೂ, 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ವಿಧಿಸಲ್ಪಟ್ಟದ್ದೂ ಟ್ರಂಪ್ ಅವರ ಘೋಷಣೆಗಳಿಂದ. 2025ರ ಆಗಸ್ಟ್‌ನಲ್ಲಿ ಭಾರತದ ಹಲವು ಸರಕುಗಳ ಮೇಲಿನ ಸುಂಕ ಶೇ 50ಕ್ಕೆ ಏರಿದ್ದೂ ಕಾಂಗ್ರೆಸ್ಸಿನ ಮತದಿಂದಲ್ಲ, ಅಧ್ಯಕ್ಷರ ಆದೇಶದಿಂದ. ಒಬ್ಬ ಅಧ್ಯಕ್ಷರ ಆದೇಶವನ್ನು ಮುಂದಿನವರು ಅಳಿಸಬಹುದು, ನ್ಯಾಯಾಲಯಗಳು ತಡೆಯಬಹುದು. ಆದರೂ ಅಲ್ಲಿಯವರೆಗೆ ಅದು ಕುಟುಂಬಗಳ ಬದುಕನ್ನು ಆಳುತ್ತದೆ.

ಈ ಎರಡನೆಯ ವಲಯದಲ್ಲಿ ಭರವಸೆಗಳನ್ನು ಎಷ್ಟು ನಂಬಬೇಕು? ಚರಿತ್ರೆ ಇಲ್ಲಿ ಎರಡು ಬಗೆಯ ಉತ್ತರ ಕೊಡುತ್ತದೆ. ನೇಮಕಾತಿಯ ವಿಷಯದಲ್ಲಿ ಬಹುಮಟ್ಟಿಗೆ ನಂಬಬಹುದು. 2016ರ ಮೇ ತಿಂಗಳಲ್ಲಿ ಟ್ರಂಪ್ ಸುಪ್ರೀಂ ಕೋರ್ಟಿಗೆ ತಾವು ಪರಿಗಣಿಸುವ 11 ಹೆಸರುಗಳ ಪಟ್ಟಿಯನ್ನೇ ಪ್ರಕಟಿಸಿದರು. ಆ ಪಟ್ಟಿಯಲ್ಲಿದ್ದವರು ಯಾವ ಚಿಂತನೆಯವರು ಎಂಬುದು ಬೆಂಬಲಿಗರಿಗೂ ವಿರೋಧಿಗಳಿಗೂ ತಿಳಿದಿತ್ತು. ಮೊದಲ ಅವಧಿಯಲ್ಲಿಯೇ ಅವರಿಗೆ ಮೂವರನ್ನು ನೇಮಿಸುವ ಅವಕಾಶ ಒದಗಿತು. 2022ರ ಜೂನ್ 24ರಂದು ಗರ್ಭಪಾತದ ಹಕ್ಕನ್ನು ಕುರಿತ 1973ರ ತೀರ್ಪು ರದ್ದಾದಾಗ ಆ ಮೂವರ ಮತಗಳೂ ಬಹುಮತದ ಕಡೆಗಿದ್ದವು. ಇನ್ನೊಂದು ತುದಿಯಲ್ಲಿ, ನಾಲ್ಕು ವರ್ಷ ಪೂರ್ತಿ ಆಳಿದ ಜಿಮ್ಮಿ ಕಾರ್ಟರ್ ಅವರಿಗೆ ಸುಪ್ರೀಂ ಕೋರ್ಟಿಗೆ ಒಬ್ಬರನ್ನೂ ನೇಮಿಸುವ ಸಂದರ್ಭ ಬರಲಿಲ್ಲ. ಜಾರ್ಜ್ ಡಬ್ಲ್ಯು. ಅವರ ತಂದೆಯಾದ ಮೊದಲನೆಯ ಬುಷ್ 1991ರಲ್ಲಿ ನೇಮಿಸಿದ ಕ್ಲಾರೆನ್ಸ್ ಥಾಮಸ್, ಅವರನ್ನು ನೇಮಿಸಿದ ಅಧ್ಯಕ್ಷರು ಪದವಿ ಬಿಟ್ಟು ಮೂರು ದಶಕಗಳು ಕಳೆದ ಮೇಲೂ ಪೀಠದಲ್ಲಿ ಉಳಿದವರು. ಆದ್ದರಿಂದ ನಾಲ್ಕು ವರ್ಷಗಳಿಗೆಂದು ಹಾಕುವ ಮತಕ್ಕೆ ಒಮ್ಮೊಮ್ಮೆ ಮೂವತ್ತು ವರ್ಷಗಳ ಆಯುಸ್ಸಿರುತ್ತದೆ.

ಯುದ್ಧದ ವಿಷಯದಲ್ಲಿ ಮಾತ್ರ ಭರವಸೆಗಳು ನಿಲ್ಲುವುದಿಲ್ಲ. 1916ರಲ್ಲಿ ವುಡ್ರೊ ವಿಲ್ಸನ್ ಅವರ ಪರವಾಗಿ ಕೇಳಿಬಂದ ಘೋಷಣೆ, ಅವರು ನಮ್ಮನ್ನು ಯುದ್ಧದಿಂದ ದೂರವಿಟ್ಟರು ಎಂಬುದು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. 1964ರ ಅಕ್ಟೋಬರ್‌ನಲ್ಲಿ ಓಹಾಯೊದ ಆಕ್ರನ್ ನಗರದಲ್ಲಿ ಜಾನ್ಸನ್, ಏಷ್ಯಾದ ಯುವಕರು ತಾವೇ ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಯುವಕರನ್ನು ಸಾವಿರಾರು ಮೈಲಿ ದೂರ ಕಳುಹಿಸುವುದಿಲ್ಲ ಎಂದರು. ಐದು ತಿಂಗಳಲ್ಲಿ ವಿಯೆಟ್ನಾಂನ ಡಾ ನಾಂಗ್ ತೀರದಲ್ಲಿ ಅಮೆರಿಕದ ನೌಕಾ ಯೋಧರು ಇಳಿದಿದ್ದರು. 2000ದ ಚರ್ಚೆಯಲ್ಲಿ ಎರಡನೆಯ ಬುಷ್, ಪರದೇಶಗಳನ್ನು ಕಟ್ಟಿಕೊಡುವ ಕೆಲಸಕ್ಕೆ ನಮ್ಮ ಸೇನೆಯನ್ನು ಬಳಸಬಾರದೆಂದು ವಾದಿಸಿದರು. ಆಫ್ಘಾನಿಸ್ತಾನದಲ್ಲಿಯೂ ಇರಾಕಿನಲ್ಲಿಯೂ ಅವರ ಆಡಳಿತ ತೊಡಗಿಕೊಂಡದ್ದು ಅದೇ ಕೆಲಸದಲ್ಲಿ. ಇವರೆಲ್ಲರೂ ಸುಳ್ಳು ಹೇಳಿದರೆಂದು ತೀರ್ಮಾನಿಸುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಘಟನೆಗಳು ಅಭ್ಯರ್ಥಿಯ ಕಾರ್ಯಸೂಚಿಯನ್ನು ಓದಿಕೊಂಡು ಬರುವುದಿಲ್ಲ.

ಹೀಗಾಗಿಯೇ ಸ್ವಭಾವದ ಪರೀಕ್ಷೆ ಮುಖ್ಯವಾಗುತ್ತದೆ. 1960ರಲ್ಲಿ ಕೆನಡಿ ಮತ್ತು ನಿಕ್ಸನ್ ತಮ್ಮ ಟಿವಿ ಚರ್ಚೆಗಳಲ್ಲಿ ಬಹಳ ಹೊತ್ತು ವಾದಿಸಿದ್ದು ಚೀನಾದ ಕರಾವಳಿಯ ಬಳಿಯ ಕ್ವಿಮಾಯ್, ಮಾತ್ಸು ಎಂಬ ಎರಡು ಪುಟ್ಟ ದ್ವೀಪಗಳ ಬಗ್ಗೆ. ಎರಡು ವರ್ಷಗಳ ನಂತರ ಜಗತ್ತು ಉಸಿರು ಬಿಗಿಹಿಡಿದದ್ದು ಕ್ಯೂಬಾದಲ್ಲಿ ಪತ್ತೆಯಾದ ಸೋವಿಯತ್ ಕ್ಷಿಪಣಿಗಳಿಗಾಗಿ. 1962ರ ಅಕ್ಟೋಬರ್ 16ರಂದು ಆರಂಭವಾದ ಆ ಹದಿಮೂರು ದಿನಗಳ ಮೊದಲ ಹಂತದಲ್ಲಿ ಸಲಹೆಗಾರರಲ್ಲಿ ಅನೇಕರ ಒಲವು ವಾಯುದಾಳಿಯ ಕಡೆಗಿತ್ತು. ಕೆನಡಿ ಕೂಡಲೇ ಒಪ್ಪಿಬಿಡಲಿಲ್ಲ. ಭಿನ್ನಮತಗಳನ್ನು ಆಲಿಸಿದರು, ಸಮಯವನ್ನು ಗಳಿಸಿಕೊಂಡರು, ನೌಕಾ ದಿಗ್ಬಂಧನವನ್ನು ಆರಿಸಿದರು. ತುರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ಹಿಂತೆಗೆದುಕೊಳ್ಳುವ ಗುಟ್ಟಿನ ಒಪ್ಪಂದದಿಂದ ಎದುರಾಳಿಗೂ ಹಿಂದೆ ಸರಿಯಲು ದಾರಿ ಬಿಟ್ಟುಕೊಟ್ಟರು. 1960ರ ಮತದಾರರ ಮುಂದೆ ಇಟ್ಟ ಯಾವ ಪ್ರಶ್ನೆಯಲ್ಲಿಯೂ ಈ ಗುಣವನ್ನು ಅಳೆಯುವ ದಾರಿ ಇರಲಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮ ಉಪಖಂಡದ್ದೇ. 1968ರಲ್ಲಿ ನಿಕ್ಸನ್ ಅವರನ್ನು ಆರಿಸಿದವರ ಮನಸ್ಸಿನಲ್ಲಿ ವಿಯೆಟ್ನಾಂ ಇತ್ತು, ನಗರಗಳ ಗಲಭೆಗಳಿದ್ದವು. ಪೂರ್ವ ಪಾಕಿಸ್ತಾನ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ. 1971ರ ಏಪ್ರಿಲ್‌ನಲ್ಲಿ ಢಾಕಾದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಿಬ್ಬಂದಿ, ಅಲ್ಲಿ ನಡೆಯುತ್ತಿದ್ದ ಹತ್ಯಾಕಾಂಡದ ಎದುರು ತಮ್ಮ ಸರ್ಕಾರ ಮೌನವಾಗಿರುವುದನ್ನು ಖಂಡಿಸಿ ತಂತಿ ಕಳುಹಿಸಿದರು. ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ನೀತಿಯನ್ನು ಬದಲಿಸಲಿಲ್ಲ, ಬ್ಲಡ್ ಅವರನ್ನು ಆ ಹುದ್ದೆಯಿಂದ ತೆಗೆದರು. ಆ ವರ್ಷದ ಡಿಸೆಂಬರ್‌ನಲ್ಲಿ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಯತ್ತ ಸಾಗಿತು. ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ನನಗೆ ಹೊಳೆಯುವ ಒಂದು ಪ್ರಶ್ನೆಯನ್ನು ಉಳಿದೆಲ್ಲ ಪ್ರಶ್ನೆಗಳಿಗಿಂತ ಮೇಲಿಡುತ್ತೇನೆ: ಅಹಿತವಾದ ಸತ್ಯವನ್ನು ತಂದ ಕೈಕೆಳಗಿನವರನ್ನು ಈ ವ್ಯಕ್ತಿ ಹೇಗೆ ನಡೆಸಿಕೊಳ್ಳುತ್ತಾರೆ?

ಇದಕ್ಕೆ ಉತ್ತರ ಚುನಾವಣೆಯ ಮೊದಲೇ ಸಿಗಬಲ್ಲದು. ಅಭ್ಯರ್ಥಿಗಳಲ್ಲಿ ಹೆಚ್ಚಿನವರು ರಾಜ್ಯಪಾಲರೋ ಸೆನೆಟರೋ ಉದ್ಯಮಿಯೋ ಸೇನಾನಿಯೋ ಆಗಿದ್ದವರು. ಅವರ ಕಚೇರಿಯಲ್ಲಿ ಸಿಬ್ಬಂದಿ ಎಷ್ಟು ಕಾಲ ಉಳಿದರು, ಬಿಟ್ಟು ಹೋದವರು ಏನು ಹೇಳುತ್ತಾರೆ, ಕೆಲಸ ಕೆಟ್ಟಾಗ ತಪ್ಪನ್ನು ಯಾರ ಮೇಲೆ ಹೊರಿಸಿದರು ಎಂಬುದಕ್ಕೆ ದಾಖಲೆಗಳಿರುತ್ತವೆ. 1944ರ ಜೂನ್‌ನಲ್ಲಿ ನಾರ್ಮಂಡಿ ದಾಳಿಗೆ ಮುನ್ನ ಐಸೆನ್‌ಹೋವರ್, ದಾಳಿ ಸೋತರೆ ಹೊರಡಿಸಲೆಂದು ಪುಟ್ಟ ಚೀಟಿಯೊಂದನ್ನು ಬರೆದಿಟ್ಟುಕೊಂಡಿದ್ದರು. ತಪ್ಪೇನಾದರೂ ಆಗಿದ್ದರೆ ಅದು ತಮ್ಮೊಬ್ಬರದೇ ಎಂದು ಅದರಲ್ಲಿತ್ತು. ಎಂಟು ವರ್ಷಗಳ ನಂತರ ಅವರು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದರು. ಅಂಥ ಒಂದು ಚೀಟಿಗೆ ಹತ್ತು ಟಿವಿ ಚರ್ಚೆಗಳಿಗಿಂತ ಹೆಚ್ಚಿನ ತೂಕವಿದೆ ಎಂದು ನಾನು ನಂಬುತ್ತೇನೆ.

ಉಪಾಧ್ಯಕ್ಷರ ಆಯ್ಕೆಯೂ ಇಂಥದೇ ದಾಖಲೆ, ಅಭ್ಯರ್ಥಿ ನಮ್ಮ ಕಣ್ಣೆದುರು ತೆಗೆದುಕೊಳ್ಳುವ ಮೊದಲ ದೊಡ್ಡ ತೀರ್ಮಾನ. ಈವರೆಗೆ ಒಂಬತ್ತು ಉಪಾಧ್ಯಕ್ಷರು ಅವಧಿಯ ನಡುವೆಯೇ ಅಧ್ಯಕ್ಷರಾಗಿದ್ದಾರೆ. ಎಂಟು ಮಂದಿ ಅಧ್ಯಕ್ಷರ ಸಾವಿನಿಂದ, ಜೆರಾಲ್ಡ್ ಫೋರ್ಡ್ ನಿಕ್ಸನ್ ಅವರ ರಾಜೀನಾಮೆಯಿಂದ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಹ್ಯಾರಿ ಟ್ರೂಮನ್ ಉಪಾಧ್ಯಕ್ಷರಾಗಿ ಮೂರು ತಿಂಗಳೂ ಆಗಿರಲಿಲ್ಲ, ಅಣುಬಾಂಬಿನ ಯೋಜನೆಯ ವಿವರ ಅವರಿಗೆ ತಿಳಿದದ್ದೇ ಆ ಮೇಲೆ. ಅಭ್ಯರ್ಥಿಗೆ ವಯಸ್ಸಾಗಿದ್ದರೆ ಈ ಮಾತಿಗೆ ತೂಕ ಇನ್ನೂ ಹೆಚ್ಚು.

ನಮ್ಮವರಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಮಾತೆಂದರೆ, ಯಾರು ಭಾರತದ ಮಿತ್ರರು ಎಂಬುದು. 1998ರ ಪೋಖ್ರಾನ್ ಪರೀಕ್ಷೆಗಳ ನಂತರ ಭಾರತದ ಮೇಲೆ ನಿರ್ಬಂಧ ಹೇರಿದವರೂ ಕ್ಲಿಂಟನ್, 2000ದ ಮಾರ್ಚ್‌ನಲ್ಲಿ ದೆಹಲಿಗೆ ಬಂದು ಸಂಬಂಧವನ್ನು ಸುಧಾರಿಸಿದವರೂ ಕ್ಲಿಂಟನ್. ದೀಪಾವಳಿಗೆ ದೀಪ ಹಚ್ಚುವ ಚಿತ್ರದಿಂದಾಗಲಿ, ತಾಯಿ ತಂದೆಯರ ಊರಿನಿಂದಾಗಲಿ ಅಧ್ಯಕ್ಷರ ನೀತಿಯನ್ನು ಊಹಿಸಲಾಗದು. ಕಮಲಾ ಹ್ಯಾರಿಸ್ ಅವರನ್ನು 2024ರಲ್ಲಿ ಭಾರತೀಯ ಮೂಲದ ಕಾರಣಕ್ಕೇ ಬೆಂಬಲಿಸಿದವರಿಗೂ, ಅದೇ ಕಾರಣಕ್ಕೆ ಅವರಿಂದ ಹೆಚ್ಚು ನಿರೀಕ್ಷಿಸಿ ನಿರಾಶರಾದವರಿಗೂ ನಾನು ಇದೇ ಮಾತನ್ನು ಹೇಳುತ್ತೇನೆ.

ಕೊನೆಯದಾಗಿ, ತೂಗುವ ಕಾಲ ಯಾವುದು ಎಂಬ ಪ್ರಶ್ನೆ. ರಾಜ್ಯಗಳಿಗೂ ರಾಜಧಾನಿಗೂ ಹಂಚಿಕೆಯಾದ 538 ಚುನಾಯಕ ಮತಗಳಲ್ಲಿ 270 ಪಡೆದವರು ಗೆಲ್ಲುತ್ತಾರೆ. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದ 48 ರಾಜ್ಯಗಳಲ್ಲಿ ಮೊದಲ ಸ್ಥಾನ ಪಡೆದವರಿಗೆ ಆ ರಾಜ್ಯದ ಅಷ್ಟೂ ಮತಗಳು ಸಲ್ಲುತ್ತವೆ. 2000ದಲ್ಲಿ ಫ್ಲಾರಿಡಾದ 537 ಮತಗಳು ಅಧ್ಯಕ್ಷರನ್ನು ನಿರ್ಧರಿಸಿದವು. ಆದರೆ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮವರ ನವೆಂಬರ್ ಮತಕ್ಕೆ ಅಂಥ ಬಲ ಒದಗುವುದು ಅಪರೂಪ. ಅವರ ವಿವೇಚನೆಗೆ ಹೆಚ್ಚಿನ ಬೆಲೆ ಇರುವುದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು; ಆ ವರ್ಷದ ಶಿಕಾಗೊ ಸಮಾವೇಶದ ಕೋಲಾಹಲದ ನಂತರ ಬಂದ ಸುಧಾರಣೆಗಳಿಂದ ಆ ಅಧಿಕಾರ ಪಕ್ಷದ ಹಿರಿಯರ ಕೈಯಿಂದ ಸಾಮಾನ್ಯ ಮತದಾರರ ಕೈಗೆ ಬಂತು. ಅಭ್ಯರ್ಥಿಗಳನ್ನು ಹತ್ತಿರದಿಂದ ಬಲ್ಲವರು ಮಾಡುತ್ತಿದ್ದ ಪರಿಶೀಲನೆಯ ಹೊಣೆಯೂ ಅದರೊಡನೆ ನಮ್ಮ ಮೇಲೆ ಬಿತ್ತು. ಸಂವಿಧಾನದ 22ನೇ ತಿದ್ದುಪಡಿಯಂತೆ ಈಗಿನ ಅಧ್ಯಕ್ಷರು ಮತ್ತೆ ಆಯ್ಕೆಯಾಗಲು ಅವಕಾಶವಿಲ್ಲದ್ದರಿಂದ, 2028ರಲ್ಲಿ ಎರಡೂ ಪಕ್ಷಗಳು ಹೊಸ ಅಭ್ಯರ್ಥಿಯನ್ನು ಹುಡುಕಬೇಕಾಗಿದೆ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಫ್ಲಾರಿಡಾಗಳಲ್ಲಿ ಪಕ್ಷದ ಹೆಸರಿನಲ್ಲಿ ಮೊದಲೇ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಮತವಿದೆ. ಟೆಕ್ಸಾಸ್ ಮತ್ತು ಮಿಷಿಗನ್‌ಗಳಲ್ಲಿ ಅಂಥ ನೋಂದಣಿ ಬೇಕಿಲ್ಲ. ನಿಮ್ಮ ನಿಮ್ಮ ರಾಜ್ಯದ ನಿಯಮವನ್ನೂ ನೋಂದಣಿಯ ಕೊನೆಯ ದಿನವನ್ನೂ ಈಗಲೇ ತಿಳಿದುಕೊಳ್ಳಿ. ಆ ಗಡುವುಗಳಲ್ಲಿ ಕೆಲವು ಮತದಾನಕ್ಕೆ ತಿಂಗಳುಗಳ ಮೊದಲೇ ಮುಗಿದುಹೋಗುತ್ತವೆ.